ಬಿಸಿಲುನಾಡಿನ ಮಕ್ಕಳು ಯಾವ ಮಾಯಾಪ್ರಾಣಿಗೆ ಬಲೆ ಹಾಕಬೇಕು?

ಸಿಂಧನೂರು ಟೀಚರ್

ಎಲ್ಲರಿಗೂ ನಮಸ್ಕಾರ್ರಿ. ನಾನು ಸಿಂಧನೂರು ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ಒಂದರಿಂದ ಮೂರನೇ ತರಗತಿ ಮಕ್ಕಳೆಲ್ಲ ಒಂದೇ ಕೋಣೆ. ನಮ್ಮೂರು ಕಾಲುವೆಯ ತುದಿಗೆ ಇರೋದರಿಂದ ನೀರು ಬಂದ ವರ್ಷ ಭತ್ತ, ಬರದ ವರ್ಷ ಜೋಳ. ಇದನ್ನು ಯಾಕೆ ಹೇಳಿದೆ ಅಂದರೆ ನನ್ನ ಪ್ರಶ್ನೆಗೂ ಜೋಳದ ದಂಟಿಗೂ ಸಂಬಂಧ ಇದೆ.

ಬೆಂಗಳೂರಲ್ಲಿರುವ ನನ್ನ ತಮ್ಮ, ಮಗಳು ದೊಡ್ಡವಳಾದಳು ಅಂತ ಅವಳು ಓದಿ ಬಿಟ್ಟ ಪುಸ್ತಕಗಳನ್ನು ಒಂದು ರಟ್ಟಿನ ಡಬ್ಬಿ ತುಂಬ ಕಳಿಸಿದ. ಅದರಲ್ಲಿ ಇಂಗ್ಲಿಷಿನ ಒಂದೇ ಮಾಲೆಯ ನಾಲ್ಕು ಚಿತ್ರಪುಸ್ತಕ ಇದ್ದವು. ಒಂದೊಂದು ಪುಸ್ತಕಕ್ಕೆ ಒಂದೊಂದು ಮಾಯಾಜೀವಿ. ಲೆಪ್ರೆಕಾನ್ ಎಂಬ ಹಸಿರು ಕೋಟಿನ ಕುಳ್ಳ, ಒಂಟಿಕೊಂಬಿನ ಕುದುರೆ, ಬಿದ್ದ ಹಲ್ಲು ಒಯ್ಯಲು ರಾತ್ರಿ ಬರುವ ಯಕ್ಷಿ, ಹಿಮದ ಯೇತಿ. ಮಕ್ಕಳು ಹಗ್ಗ, ಅಂಟು, ಮಿಠಾಯಿ, ಬಕೆಟ್ಟು, ಸ್ಪ್ರಿಂಗು ಎಲ್ಲ ಸೇರಿಸಿ ಬಲೆ ಹೂಡುತ್ತಾರೆ. ಅದು ಪ್ರತಿ ಸಲ ತಪ್ಪಿಸಿಕೊಂಡು ಹೋಗುತ್ತದೆ. ಕಥೆ ಪೂರಾ ಪ್ರಾಸದಲ್ಲಿದೆ, ಸಾಲುಗಳು ಕುಣಿಯುತ್ತವೆ.

ನಾನು ಚಿತ್ರ ತೋರಿಸುತ್ತ, ಕನ್ನಡದಲ್ಲಿ ಹೇಳುತ್ತ ಹೋದೆ. ಮಕ್ಕಳು ಬಲೆಯ ಚಿತ್ರದ ಮೇಲೆ ಮುಗಿಬಿದ್ದರು. ಯಾವ ಹಗ್ಗ ಎಳೆದರೆ ಯಾವ ಬಕೆಟ್ಟು ಬೀಳುತ್ತದೆ ಅಂತ ಬೆರಳಿಟ್ಟು ಹಿಂಬಾಲಿಸಿದರು. ಅಕ್ಷರ ಓದಲು ಇನ್ನೂ ತಡವರಿಸುವ ಹುಡುಗನೊಬ್ಬ ಆ ಬಲೆಯನ್ನು ಹಗ್ಗದ ತುದಿಯಿಂದ ತುದಿಗೆ ಓದಿ ಹೇಳಿದ. ಆದರೆ ಹಿಡಿಯುತ್ತಿರುವ ಪ್ರಾಣಿ ಬಂದಾಗ ಎಲ್ಲರೂ ಸುಮ್ಮನಾದರು. ಹಸಿರು ಕುಳ್ಳ ಯಾರು, ಅವನನ್ನು ಯಾಕೆ ಹಿಡಿಯಬೇಕು? ನಾನು ವಿವರಿಸಿದೆ. ಐರ್ಲೆಂಡ್ ದೇಶದ ಜಾನಪದದಲ್ಲಿ ಅವನು ಚಪ್ಪಲಿ ಹೊಲಿಯುವವನು, ಅವನ ಹತ್ತಿರ ಬಂಗಾರದ ಕೊಡ ಇರುತ್ತದೆ, ಹಿಡಿದವರು ಅವನ ಮೇಲಿಂದ ಕಣ್ಣು ತೆಗೆದರೆ ಮಾಯ. ಅಮೆರಿಕದ ಮಕ್ಕಳು ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಹಿಂದಿನ ದಿನವೇ ಡಬ್ಬಿಯಲ್ಲಿ ಬಲೆ ಕಟ್ಟಿಡುತ್ತಾರೆ. ಕೇಳಿದರು, ಅಷ್ಟೇ. ಹಲ್ಲಿನ ಯಕ್ಷಿಯ ಕಥೆಗಂತೂ ಒಂದನೇ ತರಗತಿ ಹುಡುಗ ಎದ್ದು ನಿಂತು, "ನಾವು ಸಗಣ್ಯಾಗ ಇಟ್ಟು ಮಾಳಿಗಿ ಮ್ಯಾಲ ಒಗಿತೀವ್ರಿ ಟೀಚರ್, ಅಕಿಗೆ ಹೆಂಗ ಸಿಗತೈತಿ?" ಅಂದ. ನನ್ನಲ್ಲಿ ಉತ್ತರ ಇರಲಿಲ್ಲ.

ಮನೆಗೆ ಬಂದು ಪ್ರಾಸ ಕಟ್ಟಲು ಕೂತೆ. ಬಂದದ್ದು ಇದು:

ಕುಳ್ಳನು ಬಂದನು, ಬಲೆಯನು ನೋಡಿದನು,
ನಕ್ಕನು ಹಾರಿದನು, ದೂರಕೆ ಓಡಿದನು.

ಮರುದಿನ ಹಾಡಿದೆ. ಯಾರ ಬಾಯಲ್ಲೂ ಉಳಿಯಲಿಲ್ಲ. ಇದೇ ಮಕ್ಕಳು ಅಲಾಯಿ (ಮೊಹರಂ) ಹಬ್ಬದ ಪದಗಳನ್ನು ಒಂದು ಸಲ ಕೇಳಿದರೆ ಸಾಕು, ವರ್ಷಗಟ್ಟಲೆ ಹೇಳುತ್ತಾರೆ.

ನನ್ನ ಪ್ರಶ್ನೆ ಎರಡು. ಇಂಥ ಕಥೆಗೆ ಕನ್ನಡದಲ್ಲಿ ಯಾವ ಲಯ, ಯಾವ ಪ್ರಾಸ ಹೊಂದುತ್ತದೆ? ನಮ್ಮ ಮಕ್ಕಳು ಜೋಳದ ದಂಟಿನ ಬಲೆ ಹಾಕಬೇಕಾದ ಪ್ರಾಣಿ ಯಾವುದು? ದೆವ್ವ, ಗುಮ್ಮ ಬೇಡ. ಕತ್ತಲಾದ ಮೇಲೆ ಹೊರಗೆ ಹೋಗಲು ಈಗಲೇ ಹೆದರುವ ಮಕ್ಕಳಿದ್ದಾರೆ, ಆ ಹೆದರಿಕೆಯನ್ನು ನಾನು ದೊಡ್ಡದು ಮಾಡಲಾರೆ. ತಿಳಿದವರು ಹೇಳಿಕೊಡಿ.

ಕೋಟೆ ಕೆಳಗಿನ ಮೇಷ್ಟ್ರು, ಬಳ್ಳಾರಿ

ತಂಗಿ, ನಿನ್ನ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಛಂದಸ್ಸು ಪಾಠ ಮಾಡಿದವನು ನಾನು. ಪರೀಕ್ಷೆಯಲ್ಲಿ ಐದು ಅಂಕ ಸಿಗುತ್ತದೆ ಅನ್ನುವುದು ಬಿಟ್ಟು ಬೇರೆ ಕಾರಣಕ್ಕೆ ಪ್ರಾಸದ ಬಗ್ಗೆ ಯಾರೂ ಕೇಳಿರಲಿಲ್ಲ.

ನಿನ್ನ ಎರಡು ಸಾಲು ಯಾಕೆ ನಿಲ್ಲಲಿಲ್ಲ ಹೇಳುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ನೋಡಿದನು, ಓಡಿದನು, ಹಾಡಿದನು" ಅಂತ ಎಷ್ಟು ಬೇಕಾದರೂ ಹೊಂದಿಸಬಹುದು. ಅದು ವ್ಯಾಕರಣ ತಾನಾಗಿ ಕೊಟ್ಟದ್ದು, ಕಿವಿಗೆ ಮುಂಚೆಯೇ ಗೊತ್ತು, ಹಾಗಾಗಿ ಬೆರಗಿಲ್ಲ. ಇಂಗ್ಲಿಷಿನಲ್ಲಿ ಸಾಲಿನ ಕೊನೆಗೆ ಹೆಸರು, ಅಂದರೆ ನಾಮಪದ, ಬಂದು ಕೂರುವುದರಿಂದ ಅವರ ಅಂತ್ಯಪ್ರಾಸಕ್ಕೆ ಆ ಪುಟಿತ ಇದೆ. ನೀನೂ ಸಾಲನ್ನು ಹೆಸರಿನ ಮೇಲೆ ನಿಲ್ಲಿಸು. ಕುದುರೆ, ಎದುರೆ. ದೂರ, ದಾರ.

ಲಯಕ್ಕೆ ದೂರ ಹೋಗಬೇಕಿಲ್ಲ. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು. ನಾಲ್ಕು ಮಾತ್ರೆಯ ಗಣ ಅಂದರೆ ಗುಂಪು, ಸಾಲಿಗೆ ನಾಲ್ಕು ಗಣ, ಮಂದಾನಿಲ ರಗಳೆಯ ನಡೆ. ರಗಳೆಯನ್ನು ಊರಿಗೆಲ್ಲ ಕೇಳುವಂತೆ ಹಾಡಿದ ಹರಿಹರ ಹಂಪಿಯವನು. ಷಟ್ಪದಿಯಲ್ಲಿ ದೊಡ್ಡ ಕಾವ್ಯ ಕಟ್ಟಿದ ರಾಘವಾಂಕನೂ ಅಲ್ಲಿಯವನೇ. ನಿನ್ನ ಮಕ್ಕಳು ಕೈ ತಟ್ಟಿ ನೋಡಲಿ, ಒಂದು ತಟ್ಟಿಗೆ ನಾಲ್ಕು ಮಾತ್ರೆ. "ಹಸಿರಿನ" ನಾಲ್ಕು. "ಬುಟ್ಟಿಯ" ನಾಲ್ಕು, ಒತ್ತಿನ ಹಿಂದಿನ ಅಕ್ಷರ ಎರಡು ಮಾತ್ರೆ ತೂಗುತ್ತದೆ. "ಲೆಪ್ರೆಕಾನ್" ಐದು. ನಾಲ್ಕರ ಮನೆಯಲ್ಲಿ ಆ ಕುಳ್ಳ ಕೂರುವುದೇ ಇಲ್ಲ, ನಿನ್ನದೇನೂ ತಪ್ಪಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಅಂತ್ಯಪ್ರಾಸ ನಮಗೆ ಬೇಕು, ಆದರೆ ಕನ್ನಡದ ಹಳೆಯ ಪ್ರಾಸ ಇರುವುದು ಸಾಲಿನ ತಲೆಯಲ್ಲಿ, ಎರಡನೇ ಅಕ್ಷರದಲ್ಲಿ. ಅದಕ್ಕೆ ಆರು ಬಗೆ, ಆರಕ್ಕೂ ಪ್ರಾಣಿಗಳದೇ ಹೆಸರು. ಮೊದಲ ಅಕ್ಷರ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಸೊನ್ನೆ ಬಂದರೆ ವೃಷಭ, ವಿಸರ್ಗ ಬಂದರೆ ಅಜ ಅಂದರೆ ಆಡು, ಬೇರೆ ವ್ಯಂಜನದ ಒತ್ತು ಬಂದರೆ ಶರಭ, ಅದೇ ವ್ಯಂಜನದ ಒತ್ತು ಬಂದರೆ ಹಯ, ಅಂದರೆ ಕುದುರೆ. ನಾಗವರ್ಮ ಇದನ್ನು ಸಾವಿರ ವರ್ಷದ ಹಿಂದೆ ಒಂದು ಪದ್ಯದಲ್ಲಿ ಕಟ್ಟಿಟ್ಟಿದ್ದಾನೆ. ಎಲ್ಲಿ, ಹುಲ್ಲು, ಕಲ್ಲು ಅಂತ ಸಾಲುಗಳನ್ನು ಶುರು ಮಾಡಿದರೆ ಅದು ಹಯಪ್ರಾಸ. ಬಾಯಲ್ಲಿ ಹೇಳಿ ನೋಡು, ಗೊರಸಿನ ಸದ್ದು ಬರುತ್ತದೆ. ಮಕ್ಕಳಿಗೆ ಇದನ್ನು ಕಲಿಸಬೇಕಾಗಿಯೂ ಇಲ್ಲ, ಕೇಳಿಸಿದರೆ ಸಾಕು.

ಪ್ರಾಣಿಯ ವಿಚಾರ. ಹಂಪಿಯ ವಿಠ್ಠಲ ದೇವಸ್ಥಾನದ ಕಂಬಗಳಲ್ಲಿ ಯಾಳಿ ಇದೆ, ಸಿಂಹದ ಮೈ, ಆನೆಯ ಸೊಂಡಿಲು. (ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ, ನನ್ನ ಬಾಯಲ್ಲಿ ಇನ್ನೂ ನಮ್ಮ ಬಳ್ಳಾರಿಯೇ.) ಇಲ್ಲವಾದರೆ ಗಂಡಭೇರುಂಡ. ಅಚ್ಯುತದೇವರಾಯನ ನಾಣ್ಯಗಳ ಮೇಲೆ ಅದೇ ಇತ್ತು, ಈಗ ನಮ್ಮ ಸರ್ಕಾರದ ಲಾಂಛನದಲ್ಲೂ ಇದೆ. ಎರಡು ತಲೆಯ ಹಕ್ಕಿಗೆ ಬಲೆ ಹಾಕಿದರೆ ಒಂದು ತಲೆ "ಕಾಳು ತಿನ್ನೋಣ" ಅನ್ನುತ್ತದೆ, ಇನ್ನೊಂದು "ಬೇಡ" ಅನ್ನುತ್ತದೆ. ಕಥೆ ತಾನೇ ನಡೆಯುತ್ತದೆ.

ಸ್ಟೇರಿಂಗ್ ಹಿಡಿದವ, ರಾಯಚೂರು

ಟೀಚರ್, ನಾ ಓದಿದ್ದು ಏಳನೇತ್ತ. ಮೇಷ್ಟ್ರು ಹೇಳಿದ್ದು ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಆದ್ರ ಪ್ರಾಣಿ ನಾ ಹೇಳ್ತೀನಿ. ಬಿಸಿಲ್ಗುದುರಿ.

ಹದಿನೆಂಟು ವರ್ಷ ಆತು ಲಾರಿ ನಡಸಾಕತ್ತು. ಮಸ್ಕಿ ದಾಟಿ ಸಿಂಧನೂರು ಕಡೆ ಬರಬೇಕಾದ್ರ ಮಧ್ಯಾಹ್ನ ರಸ್ತಾದ ತುಂಬಾ ನೀರು ನಿಂತಂಗ ಕಾಣತೈತಿ. ಎಷ್ಟು ಹೊಡದ್ರೂ ಅಷ್ಟೇ ದೂರ. ನನ್ನ ಮಗಳು ಸಣ್ಣಾಕಿ ಇದ್ದಾಗ ಒಮ್ಮೆ ಕ್ಯಾಬಿನ್ಯಾಗ ಕುಂದ್ರಿಸಿಕೊಂಡು ಹೋಗಿದ್ದೆ. "ಅಪ್ಪಾ, ಜೋರ್ ಹೊಡಿ, ಅದು ತಪ್ಪಿಸಿಕೊಳ್ಳಾಕತ್ತೈತಿ" ಅಂತ ಸಿಂಧನೂರು ಮುಟ್ಟೂತನ ಕೂಗಿದ್ಲು. ಅಕಿಗೆ ಈಗ ಮದುವಿ ಆಗೈತಿ. ಆ ರಸ್ತಾಕ್ಕ ಬಂದಾಗೆಲ್ಲ ನನಗ ಅಕಿ ದನಿ ಕೇಳತೈತಿ.

ಕುದುರಿ ಅಂತ ಹೆಸರು ಇಟ್ಟಾವ್ರು ನಮ್ಮ ಹಿರ್ಯಾರ ಅಲ್ಲೇನ್ರೀ? ಹೊರಗಿಂದ ಯಾಕ ತರಬೇಕು.

ಕೊಪ್ಪಳದ ತಾಯಿ

ಟೀಚರ್, ನಾನು ಒಂದು ಎಚ್ಚರಿಕೆ ಹೇಳಬೇಕು, ಬೇಸರ ಮಾಡಿಕೊಳ್ಳಬೇಡ್ರಿ. ನನ್ನ ಮಗನಿಗೆ ಒಂಬತ್ತು ವರ್ಷ. ಇಂಥದ್ದೇ ಒಂದು ಕಥೆ ಕೇಳಿ ಬಂದವನು ಹಿತ್ತಲಲ್ಲಿ ನೈಲಾನ್ ದಾರದ ಉರುಳು ಕಟ್ಟಿದ. ನಮ್ಮ ಮನೆಯ ಬೆಕ್ಕಿನ ಕಾಲು ಸಿಕ್ಕಿತು. ರಾತ್ರಿಯೆಲ್ಲ ಎಳೆದಾಡಿ ಚರ್ಮ ಸುಲಿದಿತ್ತು. ಬ್ಲೇಡಿನಿಂದ ದಾರ ಕತ್ತರಿಸಬೇಕಾದರೆ ನನ್ನ ಕೈ ನಡುಗುತ್ತಿತ್ತು. ಮಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಮ್ಮ ಕಡೆ ಹೊಲಗಳಲ್ಲಿ ಕೌಜಗಕ್ಕೆ, ಉಡಕ್ಕೆ ಇವತ್ತಿಗೂ ಉರುಳು ಹಾಕುವವರಿದ್ದಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅದು, ಆದರೂ ಮಕ್ಕಳು ದೊಡ್ಡವರನ್ನು ನೋಡಿಯೇ ಕಲಿಯುತ್ತಾರೆ. ಹಾಗಾಗಿ ನೀವು ಹೇಳುವ ಕಥೆಯಲ್ಲಿ ಬಲೆ ಅಂದರೆ ಉರುಳು ಆಗಬಾರದು, ಬಿಗಿಯುವ ಗಂಟು ಯಾವ ಚಿತ್ರದಲ್ಲೂ ಇರಬಾರದು. ಬುಟ್ಟಿ ಇರಲಿ. ಬುಟ್ಟಿ ಎತ್ತಿದರೆ ಪ್ರಾಣಿ ಹೋಗುತ್ತದೆ.

ಲಾರಿ ಅಣ್ಣಾರು ಹೇಳಿದ ಬಿಸಿಲ್ಗುದುರೆ ನನಗೆ ಬಹಳ ಹಿಡಿಸಿತು. ಅದಕ್ಕೆ ಬಿಗಿಯಲು ಕಾಲೇ ಇಲ್ಲ.

ಅದನ್ನು ಮಕ್ಕಳಿಗೆ ತೋರಿಸಲು ಒಂದು ದಾರಿ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ತೊಗಲುಗೊಂಬೆ ಆಟದ ಗುಟ್ಟು ಇರುವುದೇ ಬೆಳಕಿನಲ್ಲಿ. ತೊಗಲನ್ನು ಬೆಳಕು ದಾಟುವಷ್ಟು ತೆಳುವಾಗಿ ಹದ ಮಾಡುತ್ತಾರೆ, ಬಣ್ಣ ಹಚ್ಚುತ್ತಾರೆ. ಹಿಂದೆ ದೀಪ, ಮುಂದೆ ಬಿಳಿ ಪರದೆ. ಗೊಂಬೆ ಪರದೆಗೆ ತಾಗಿದರೆ ಅಂಚು ಚೊಕ್ಕ ಕಾಣುತ್ತದೆ, ಹಿಂದಕ್ಕೆ ಸರಿದರೆ ಮಸುಕಾಗಿ ಕರಗುತ್ತದೆ. ಬಿಸಿಲ್ಗುದುರೆಗೆ ಇದಕ್ಕಿಂತ ಒಳ್ಳೆಯ ಮೈ ಸಿಗುವುದಿಲ್ಲ. ತೊಗಲು ಬೇಕಿಲ್ಲ, ಡ್ರಾಯಿಂಗ್ ಹಾಳೆಗೆ ಬಣ್ಣ ಹಚ್ಚಿ, ಹಿಂದುಗಡೆ ಕೊಬ್ಬರಿ ಎಣ್ಣೆ ಸವರಿದರೆ ಬೆಳಕು ದಾಟುತ್ತದೆ. ನಾನು ಮಗನ ಜೊತೆ ಮಾಡಿ ನೋಡಿದ್ದೇನೆ.

ಸಿಂಧನೂರು ಟೀಚರ್

ಮೂವರಿಗೂ ಕೈಮುಗಿದೆ. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಮಾಡಿ ನೋಡದೆ ಬರೆಯಬಾರದು ಅಂತ ಸುಮ್ಮನಿದ್ದೆ.

ಅಣ್ಣಾ, ನಿಮ್ಮ ಮಾತು ಓದಿದ ಮರುದಿನವೇ ಮಕ್ಕಳನ್ನು ಶಾಲೆಯ ಗೇಟಿಗೆ ಕರೆದುಕೊಂಡು ಹೋದೆ. ಹನ್ನೆರಡಕ್ಕೆ ಹತ್ತು ನಿಮಿಷ. ಎಲ್ಲರ ತಲೆ ಮೇಲೆ ಟವೆಲ್ಲು, ಗೇಟಿನ ಸರಳು ದಾಟುವ ಹಾಗಿಲ್ಲ, ಐದೇ ನಿಮಿಷ ಅಂತ ಮೊದಲೇ ಹೇಳಿದ್ದೆ. ಡಾಂಬರು ರಸ್ತೆ ಅಲ್ಲಿಂದ ಬೇವಿನ ಮರದ ತನಕ ನೇರ ಕಾಣುತ್ತದೆ. ಕುದುರೆ ಇತ್ತು. ಹೊಳೆಯುತ್ತಿತ್ತು. ಒಬ್ಬ ಮುದುಕಪ್ಪ ಸೈಕಲ್ ತುಳಿಯುತ್ತ ಅದರೊಳಗೆ ಹೋದ, ಗಾಲಿ ಕರಗಿದಂತೆ ಕಂಡಿತು, ಆಮೇಲೆ ಆಚೆ ಕಡೆಯಿಂದ ಒಣಗಿಯೇ ಹೊರಬಂದ. ಮಕ್ಕಳು ಚಪ್ಪಾಳೆ ತಟ್ಟಿದರು.

ಕಾರಣ ನನಗೆ ಗೊತ್ತು, ಹೇಳಿಯೂ ಕೊಟ್ಟೆ. ಕಾದ ರಸ್ತೆಗೆ ಅಂಟಿಕೊಂಡ ಗಾಳಿ ಮೇಲಿನ ಗಾಳಿಗಿಂತ ಬಿಸಿಯಾಗಿ ಹಗುರ ಆಗಿರುತ್ತದೆ, ಆಕಾಶದ ಬೆಳಕು ಅಲ್ಲಿಗೆ ಬಂದು ಬಾಗಿ ನಮ್ಮ ಕಣ್ಣಿಗೆ ಮೇಲೇಳುತ್ತದೆ, ನೆಲದ ಮೇಲೆ ಆಕಾಶ ಕಂಡರೆ ಮನಸ್ಸು ನೀರು ಅನ್ನುತ್ತದೆ. ಆದರೆ ಒಂದನ್ನು ನಾನು ಹೇಳಿಕೊಟ್ಟದ್ದಲ್ಲ, ಅವರೇ ಕಂಡುಹಿಡಿದರು. ಎರಡನೇ ತರಗತಿ ಹುಡುಗ ಕಾಲು ನೋಯುತ್ತದೆ ಅಂತ ಕುಕ್ಕರಗಾಲಲ್ಲಿ ಕುಂತ. "ಟೀಚರ್, ಕುಂತ್ರ ಹತ್ರ ಬರತೈತ್ರಿ! ನಿಂತ್ರ ಓಡತೈತಿ!" ಅಂತ ಕೂಗಿದ. ಎಲ್ಲರೂ ಕುಂತರು, ಎದ್ದರು, ಕುಂತರು. ನಾನೂ ಸೀರೆ ಮಡಚಿಕೊಂಡು ಕುಂತೆ. ನಿಜವಾಗಿ ಹತ್ತಿರ ಬಂತು. ಕಣ್ಣು ತಗ್ಗಿಗೆ ಇದ್ದಷ್ಟು ಬೆಳಕು ಹತ್ತಿರದ ರಸ್ತೆಯಿಂದಲೇ ಬಾಗಿ ಬರುತ್ತದೆ. ಇಷ್ಟು ವರ್ಷ ಆ ರಸ್ತೆಯಲ್ಲಿ ಬಂದು ಹೋದೆ, ನನಗಿಂತ ಒಂದನೇ ತರಗತಿಯವರಿಗೆ ಆ ಕುದುರೆ ಯಾವಾಗಲೂ ಹತ್ತಿರ ಇತ್ತು ಅನ್ನುವುದು ನನಗೆ ಹೊಳೆದಿರಲಿಲ್ಲ.

ಕೊಪ್ಪಳದ ಅಕ್ಕಾ, ಉರುಳು ಇಲ್ಲ, ಮಾತು ಕೊಟ್ಟೆ. ಬೆಕ್ಕಿನ ಕಥೆಯನ್ನು ಮಕ್ಕಳಿಗೆ ಹೇಳಿದೆ. ಅದರ ಕಾಲು ವಾಸಿ ಆಯಿತಾ ಅಂತ ಕೇಳಲು ಹೇಳಿದ್ದಾರೆ, ತಿಳಿಸ್ರಿ. ನಮ್ಮ ಬಲೆ ಜೋಳದ ದಂಟಿನದು. ಹಿಂಗಾರಿ ಜೋಳ ಈಗಷ್ಟೇ ಕೊಯ್ದಿದ್ದರಿಂದ ದಂಟಿಗೆ ಬರ ಇರಲಿಲ್ಲ. ಸಿಪ್ಪೆ ಸುಲಿದು ಒಳಗಿನ ಬೆಂಡು ತೆಗೆದು, ಸಿಪ್ಪೆಯ ಸೀಳನ್ನೇ ಮೊಳೆಯಂತೆ ಚುಚ್ಚಿ ಒಂದಕ್ಕೊಂದು ಜೋಡಿಸುತ್ತಾರೆ. ಬಂಡಿ ಮಾಡುವ ಕೈಗಳಿಗೆ ಇದು ಹೊಸದಲ್ಲ. ಮೂರು ಕಂಬ, ಮೇಲೊಂದು ಬಿದಿರು ಬುಟ್ಟಿ, ಕೆಳಗೊಂದು ಊರುಗೋಲು, ಗೋಲಿಗೆ ದಾರ, ದಾರದ ತುದಿಗೆ ಕಲ್ಲು. ಸಿಪ್ಪೆಯ ಅಂಚು ಬ್ಲೇಡಿನ ಹಾಗೆ ಕುಯ್ಯುತ್ತದೆ, ಸಣ್ಣವರಿಗೆ ಬೆಂಡು ಮಾತ್ರ ಕೊಟ್ಟೆ.

ಮೇಷ್ಟ್ರೇ, ಇದು ನಿಮಗೆ. ಕೈ ತಟ್ಟುತ್ತ ಎಲ್ಲರೂ ಸೇರಿ ಕಟ್ಟಿದ್ದು:

ಎಲ್ಲಿಗೆ ಹೊರಟೆಯೆ, ಬಿಸಿಲಿನ ಕುದುರೆ?
ಹುಲ್ಲಿನ ಬುಟ್ಟಿಯ ಇಟ್ಟಿವಿ ಎದುರೆ.
ನಿಲ್ಲದೆ ಓಡುವೆ ಎಷ್ಟೋ ದೂರ,
ಕಲ್ಲಿಗೆ ಕಟ್ಟಿವಿ ಬುಟ್ಟಿಯ ದಾರ.

ಹಯಪ್ರಾಸ ಸರಿ ಬಂದಿದೆಯಾ? ಕುದುರೆಯ ಉತ್ತರವನ್ನು ಮಾತ್ರ ಮಕ್ಕಳು ನನ್ನನ್ನು ಕೇಳದೆಯೇ ಹಾಡಿಬಿಟ್ಟರು:

ಇಲ್ಲಿಗೆ ಬಂದರೆ ಅಲ್ಲಿರತೇನಿ,
ಅಲ್ಲಿಗೆ ಬಂದರೆ ಮುಂದಿರತೇನಿ!

ನೀವು ಬೇಡ ಅಂದ ಕ್ರಿಯಾಪದದ ಪ್ರಾಸವೇ ಇದು. ಆದರೂ ತೆಗೆಯಲು ಮನಸ್ಸಿಲ್ಲ. ಊಟದ ಗಂಟೆ ಹೊಡೆದಾಗ ತಟ್ಟೆ ಬಡಿಯುತ್ತ ಇದನ್ನೇ ಹೇಳುತ್ತಾರೆ, ನಾಲ್ಕನೇ ತರಗತಿಯವರೂ ಕಲಿತಿದ್ದಾರೆ.

ಈಗ ಒಂದು ತೊಡಕು, ಅದಕ್ಕೇ ಮುಖ್ಯವಾಗಿ ಬರೆದೆ. ಮೂರನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಬಹಳ ಕಡಿಮೆ ಮಾತು. ಅವಳ ಅವ್ವ ಮೆಣಸಿನಕಾಯಿ ಬಿಡಿಸಲು ದಿನಗೂಲಿಗೆ ಹೋಗುತ್ತಾಳೆ, ರಜೆ ಇದ್ದ ದಿನ ಇವಳೂ ತಮ್ಮನನ್ನು ಎತ್ತಿಕೊಂಡು ಜೊತೆಗೆ ಹೋಗುತ್ತಾಳೆ. ಬಲೆಗೆ ಹುಲ್ಲು ತುಂಬುವಾಗ ಅವಳು ಬಂದು ನನ್ನ ಸೆರಗು ಎಳೆದಳು. "ಅದಕ್ಕ ಹುಲ್ಲು ಬ್ಯಾಡ್ರಿ ಟೀಚರ್. ಅದು ದಿನಾ ಬಿಸಿಲಾಗೇ ಇರತೈತಿ. ಅದಕ್ಕ ನೆಳ್ಳು ಇಡ್ರಿ" ಅಂದಳು.

ಬುಟ್ಟಿಯಲ್ಲಿದ್ದ ಹುಲ್ಲನ್ನು ಅವಳೇ ತೆಗೆದು ಹೊರಗೆ ಹಾಕಿದಳು. ಖಾಲಿ ಬುಟ್ಟಿಯ ಕೆಳಗೆ ನೆಲದ ಮೇಲೆ ದುಂಡನೆಯ ನೆರಳು ಬಿದ್ದಿತ್ತು. ಅದಕ್ಕೆ ಕೈ ಮುಟ್ಟಿಸಿ, ತಣ್ಣಗಿದೆಯಾ ಅಂತ ನೋಡಿದಳು.

ಎರಡನೇ ಸಾಲನ್ನು "ನೆರಳಿನ ಬುಟ್ಟಿಯ ಇಟ್ಟಿವಿ ಎದುರೆ" ಅಂತ ಮಾಡಿದರೆ ಮಾತ್ರೆ ಸರಿ ಕೂರುತ್ತದೆ, ನಾಲ್ಕಕ್ಕೆ ನಾಲ್ಕು. ಆದರೆ ಹಯಪ್ರಾಸ ಮುರಿಯುತ್ತದೆ. ಏನು ಮಾಡಲಿ?

ಕೋಟೆ ಕೆಳಗಿನ ಮೇಷ್ಟ್ರು, ಬಳ್ಳಾರಿ

ತಂಗಿ, ನಿನ್ನ ನಾಲ್ಕು ಸಾಲನ್ನು ನಮ್ಮ ಮನೆಯವಳಿಗೆ ಜೋರಾಗಿ ಓದಿ ಹೇಳಿದೆ. ಹಯಪ್ರಾಸ ನಾಲ್ಕೂ ಸಾಲಿಗೆ ಚೊಕ್ಕ ಬಂದಿದೆ. "ಅಲ್ಲಿರತೇನಿ, ಮುಂದಿರತೇನಿ" ಇರಲಿ, ನಾನು ಹೇಳಿದ ನಿಯಮ ಅಲ್ಲಿ ನಡೆಯುವುದಿಲ್ಲ. ಒಂದೇ ಮಾತು ಮತ್ತೆ ಮತ್ತೆ ಬರುವುದರಿಂದಲೇ ಕುದುರೆ ಓಡುತ್ತಿದೆ.

ಹುಲ್ಲು ಬೇಡ. ಆ ಹುಡುಗಿ ಹೇಳಿದ್ದೇ ಆಗಬೇಕು. ರಾತ್ರಿಯೆಲ್ಲ ಕೂತು ಎರಡನೇ ಸಾಲು ಹುಡುಕಿದೆ:

ಎಲ್ಲಾ ನೆರಳನು ಇಟ್ಟಿವಿ ಎದುರೆ.

ಲಕಾರದ ಒತ್ತು ಉಳಿಯಿತು, ಕೊನೆಯ ಗಣದಲ್ಲಿ ಒಂದು ಕಡಿಮೆಯಾಗಿ ಮಾತ್ರೆ ಹದಿನೈದು, ಮೇಲಿನ ಸಾಲಿಗೆ ಸರಿಸಮ. ಆದರೆ ಬುಟ್ಟಿ ಎಂಬ ಮಾತು ಹೋಯಿತು. ನಾಳೆ ಶಾಲೆಗೆ ಹೋದಾಗ ಅವಳಿಗೆ ಹೇಳಿ ನೋಡು. ಬುಟ್ಟಿ ಬೇಕೇಬೇಕು ಅಂದರೆ ನಿನ್ನ ಸಾಲನ್ನೇ ಇಟ್ಟುಕೋ, ಪ್ರಾಸ ಮುರಿದರೂ ಚಿಂತೆಯಿಲ್ಲ. ಅವಳು ಏನಂದಳು ಅನ್ನುವುದನ್ನು ಮಾತ್ರ ಮರೆಯದೆ ಬರೆ.